ಉದ್ಯಾನಕ್ಕೂ ಇಂಗಾಲದ ಸಾಲವಿದೆ

ಉದ್ಯಾನವೆಂದರೆ ಹಸಿರು, ಹಸಿರೆಂದರೆ ಒಳಿತು. ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಉದ್ಯಾನ ಕಟ್ಟುವಾಗ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ಬಹುಕಾಲ ಹೆಚ್ಚಿನವರು ಕೇಳಲೇ ಇಲ್ಲ. ಕಟ್ಟಡಗಳಿಗೆ ಲೆಕ್ಕದ ತಂತ್ರಾಂಶಗಳು ಬಂದವು. ಸಿಮೆಂಟು, ಉಕ್ಕು, ಗಾಜು ತಯಾರಾಗಿ ಸಾಗಿ ಬರುವಷ್ಟರಲ್ಲಿ ಹೊರಬಿದ್ದ ಇಂಗಾಲವನ್ನು ಅವು ಅಳೆದವು. ಗೋಡೆಯಾಚೆಗಿನ ಅಂಗಳವನ್ನು ಹೆಚ್ಚಿನವರು ಗಮನಿಸಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಸಿಎಂಜಿ ಸಂಸ್ಥೆಯಲ್ಲಿ ಭೂದೃಶ್ಯ ವಿನ್ಯಾಸಕಿಯಾಗಿದ್ದ ಪಮೇಲಾ ಕಾನ್ರಾಡ್ ಅವರನ್ನು ಈ ಕೊರತೆ ಕಾಡಿತು. ತಾವು ರೂಪಿಸುವ ಉದ್ಯಾನಗಳು ಭೂಮಿಗೆ ನೆರವೋ, ಹೊರೆಯೋ? ಫೆಲೋಶಿಪ್ ಒಂದು ಸಿಕ್ಕಾಗ ಈ ಪ್ರಶ್ನೆಯನ್ನೇ ಹಿಡಿದು ಕೂತರು. 2019ರಲ್ಲಿ 'ಪಾತ್‌ಫೈಂಡರ್' ಎಂಬ ಉಚಿತ ತಂತ್ರಾಂಶ ಹೊರಬಂತು. ಕಾಂಕ್ರೀಟು ಎಷ್ಟು, ಮರ ಎಷ್ಟು, ಹುಲ್ಲುಹಾಸು ಎಷ್ಟು ಎಂದು ತುಂಬಿದರೆ ಸಾಕು. ನನಗೆ ಬಹಳ ಹಿಡಿಸಿದ್ದು ಅದು ಕೊಡುವ ಉತ್ತರ: ಕಟ್ಟುವಾಗ ಮಾಡಿದ ಇಂಗಾಲದ ಸಾಲವನ್ನು ಗಿಡಮರಗಳು ಎಷ್ಟು ವರ್ಷಗಳಲ್ಲಿ ತೀರಿಸುತ್ತವೆ ಎಂಬುದು. ಉದ್ಯಾನವಾದರೆ 5 ವರ್ಷ, ನೆಲಹಾಸೇ ಹೆಚ್ಚಿರುವ ಬೀದಿ, ಚೌಕಗಳಾದರೆ 20 ವರ್ಷ ಎಂದು ಕಾನ್ರಾಡ್ ಗುರಿಯನ್ನೂ ಇಟ್ಟರು. ವಾಯುಗುಣಕ್ಕೆ ಒಳಿತು ಎಂದು ಬಾಯಿಮಾತಿನಲ್ಲಿ ಹೇಳುವವರಿಗೆ ಇದಕ್ಕಿಂತ ನೇರ ಪ್ರಶ್ನೆ ಬೇರಿಲ್ಲ.

ಸಾಲದ ದೊಡ್ಡ ಪಾಲು ಬಹಳ ಕಡೆ ಕಾಂಕ್ರೀಟಿನದು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನ ಇಂಗಾಲವೇ ಅನಿಲವಾಗಿ ಹೊರಬರುತ್ತದೆ. ಉರುವಲಿನ ಹೊಗೆ ಬೇರೆ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 8ರಷ್ಟು ಸಿಮೆಂಟಿನಿಂದಲೇ ಬರುತ್ತದೆ.

ಪಾತ್‌ಫೈಂಡರ್ ಬಂದ ಮೇಲೆ ಮುಂದಿನದು ಬೇಗ ನಡೆಯಿತು. 2022ರಲ್ಲಿ ಅಮೆರಿಕದ ಭೂದೃಶ್ಯ ವಿನ್ಯಾಸಕರ ಸಂಘ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. ಅದನ್ನು ಸಿದ್ಧಪಡಿಸಿದ ಕಾರ್ಯಪಡೆಗೆ ಕಾನ್ರಾಡ್ ಅವರೇ ಅಧ್ಯಕ್ಷೆ.

ಈ ಸಾಲ ತಗ್ಗಿಸುವ ಉಪಾಯಗಳು ಸರಳ. ಇರುವ ಮರ ಉಳಿಸುವುದು, ಕಿತ್ತ ಕಲ್ಲನ್ನೇ ಮತ್ತೆ ಹಾಸುವುದು, ಸಿಮೆಂಟಿನ ಒಂದು ಪಾಲಿನ ಬದಲು ಉಕ್ಕಿನ ಕುಲುಮೆಯ ಕಿಟ್ಟದ ಪುಡಿ ಬಳಸುವುದು. ಆ ಕಿಟ್ಟ ನಮ್ಮ ಬಳ್ಳಾರಿ ಸೀಮೆಯಲ್ಲೇ ಸಿಗುತ್ತದೆ. ಆದರೂ ನಮ್ಮ ಊರುಗಳಲ್ಲಿ 'ಅಭಿವೃದ್ಧಿ' ಎಂದರೆ ಗಟ್ಟಿಮುಟ್ಟಾದ ಕಲ್ಲುಚಪ್ಪಡಿ ಕಿತ್ತು, ಹೊಂಗೆಯ ಬುಡದವರೆಗೂ ಸಿಮೆಂಟು ಬ್ಲಾಕು ಜೋಡಿಸುವುದು. ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಬಡಾವಣೆಯ ಪಾರ್ಕಿಗೆ ಹೊಸ ನಕ್ಷೆ ಬಂದಾಗ ಗಿಡಗಳ ಪಟ್ಟಿಯೊಂದಿಗೆ ಕಾಂಕ್ರೀಟಿನ ಲೆಕ್ಕವನ್ನೂ ಕೇಳಿ.