ಮಾಮ ತಂದ ಬ್ಯಾಟ್-ಬಾಲ್ ಆಟ

ಕಳೆದ ಮೇ ತಿಂಗಳಲ್ಲಿ ಪಡೀಲಿನ ಅಜ್ಜಿ ಮನೆಯ ಮಾಡು ರಿಪೇರಿಗೆ ಬಂದಿತ್ತು. ಮಳೆ ಹಿಡಿಯುವ ಮೊದಲು ಹಂಚು ಇಳಿಸಿ ಶೀಟ್ ಹಾಕಿಸಬೇಕು. ನಾಲ್ಕು ದಿನ ರಜೆ ಹಾಕಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆ. ರಜೆ ಅಂದರೆ ಗೊತ್ತಲ್ಲ, ಲ್ಯಾಪ್‌ಟಾಪ್ ಹೊತ್ತುಕೊಂಡೇ ಬಂದ ರಜೆ. ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು.

ತಾಮ್ರದ ಹಂಡೆ, ಮುರಿದ ತೊಟ್ಟಿಲು, ಕಟ್ಟು ಕಟ್ಟು ಹಳೆಯ ವಾರಪತ್ರಿಕೆಗಳು. ಅವುಗಳ ಹಿಂದೆ ನೀಲಿ ಬಣ್ಣದ ಒಂದು ಬಿಸ್ಕೆಟ್ ಡಬ್ಬಿ. ಗಲ್ಫಿನಿಂದ ಬಂದ ಡಬ್ಬಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಊರಿನ ಅರ್ಧ ಮನೆಗಳಲ್ಲಿ ಅದರೊಳಗೆ ಸೂಜಿ-ನೂಲು ಇರುತ್ತದೆ. ನಮ್ಮ ಡಬ್ಬಿಯಲ್ಲಿ ಇದ್ದದ್ದು ಬೂದು ಬಣ್ಣದ, ಇಟ್ಟಿಗೆಯಂಥ ಒಂದು ಯಂತ್ರ. ಎರಡು ಕೆಂಪು ಗುಂಡಿ, ಒಂದು ಕಪ್ಪು ಕೂಡಿಸು ಚಿಹ್ನೆ, ಪುಟ್ಟ ಪರದೆ. ಗೇಮ್ ಬಾಯ್! ಹಿಂದೆ ಸಿಕ್ಕಿಸಿದ್ದ ಕಾರ್ಟ್ರಿಜ್ ಮೇಲೆ ಒಂದೇ ಪದ: ಬೇಸ್‌ಬಾಲ್.

ನನಗೆ ನಾಚಿಕೆಯಾಯಿತು. ಯಾಕೆ ಅಂತ ಹೇಳಬೇಕಾದರೆ 1996ರ ಬೇಸಗೆ ರಜೆಗೆ ಹೋಗಬೇಕು.

ಕ್ರಿಕೆಟ್ ಬೇಕು ಅಂದರೆ...

ಆ ವರ್ಷ ವಿಶ್ವಕಪ್. ಮಾರ್ಚ್ 9ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆಮಿರ್ ಸೊಹೈಲ್ ಫೋರ್ ಹೊಡೆದು ಬೆರಳು ತೋರಿಸಿದ್ದು, ಮರುಚೆಂಡಿನಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಹಾರಿಸಿದ್ದು ಯಾರು ಮರೆಯುತ್ತಾರೆ? ನಾಲ್ಕೇ ದಿನಕ್ಕೆ ಕೋಲ್ಕತ್ತಾದ ಸೆಮಿಫೈನಲ್‌ನಲ್ಲಿ ಸೋತು ಅತ್ತದ್ದನ್ನೂ ಮರೆತಿಲ್ಲ. ನನಗಾಗ ಹತ್ತು ವರ್ಷ. ದೊಡ್ಡಮ್ಮನ ಮಗ ಅಣ್ಣನಿಗೆ ಹದಿಮೂರು. ಅಜ್ಜಿ ಮನೆ ಅಂಗಳದಲ್ಲಿ ಬೆಳಗಾದರೆ ಅಂಡರ್ ಆರ್ಮ್ ಕ್ರಿಕೆಟ್. ತೆಂಗಿನ ಮರವೇ ವಿಕೆಟ್, ಕಾಂಪೌಂಡ್ ದಾಟಿಸಿದರೆ ಔಟ್, ಒಂದು ಪಿಚ್ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ದೂರದಲ್ಲಿ ಕಂಕನಾಡಿ ಸ್ಟೇಷನ್‌ನಿಂದ ರೈಲಿನ ಸದ್ದು. ಇವತ್ತಿನ ಮಂಗಳೂರು ಜಂಕ್ಷನ್‌ಗೆ ಆಗ ಅದೇ ಹೆಸರು.

ಮಾಮ ಸೌದಿಯ ಜುಬೈಲ್‌ನಲ್ಲಿ ಎಸಿ ಮೆಕ್ಯಾನಿಕ್. ಎರಡು ವರ್ಷಕ್ಕೊಮ್ಮೆ ಊರಿಗೆ. ಮಂಗಳೂರಿನಿಂದ ನೇರ ಗಲ್ಫ್ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ಬೊಂಬಾಯಿಯಲ್ಲಿ ಇಳಿದು, ಪೆಟ್ಟಿಗೆಗಳನ್ನು ಬಸ್ಸಿನ ಟಾಪಿಗೆ ಹಾಕಿ, ಒಂದು ಹಗಲು ಒಂದು ರಾತ್ರಿ ಕೂತು ಬರಬೇಕಿತ್ತು. ಅಮ್ಮ ಮಾಮನಿಗೆ ಬರೆದ ಕಾಗದದ ಕೊನೆಯಲ್ಲಿ ನಾವು ಒಂದು ಸಾಲು ಸೇರಿಸಿದ್ದೆವು: 'ಮಾಮ, ಕ್ರಿಕೆಟ್‌ನ ವಿಡಿಯೊ ಗೇಮ್ ತನ್ನಿ.'

ಏಪ್ರಿಲ್‌ನಲ್ಲಿ ಮಾಮ ಬಂದರು. ಪೆಟ್ಟಿಗೆಯ ಹಗ್ಗ ಬಿಚ್ಚಿದಾಗ ಅತ್ತರು, ಟ್ಯಾಂಗ್, ಹೊಸ ಬಟ್ಟೆಯ ಮಿಶ್ರ ಪರಿಮಳ. ಎಲ್ಲದರ ಅಡಿಯಲ್ಲಿ ಬನಿಯನ್‌ನಲ್ಲಿ ಸುತ್ತಿಟ್ಟ ಗೇಮ್ ಬಾಯ್. ಡಬ್ಬ ಇಲ್ಲ, ಪುಸ್ತಕ ಇಲ್ಲ, ಹೊಸತೂ ಅಲ್ಲ. ಆದರೂ ನಮ್ಮ ಖುಷಿಗೆ ಮಿತಿ ಇರಲಿಲ್ಲ. ಆನ್ ಮಾಡಿದರೆ ಹಸಿರು ಪರದೆಯಲ್ಲಿ ಟೋಪಿ ಹಾಕಿದ ಗಿಡ್ಡ ಮನುಷ್ಯರು. ಬ್ಯಾಟು ಗದೆಯ ಹಾಗೆ ಗುಂಡಗೆ. ಚೆಂಡು ನೆಲಕ್ಕೆ ಬೀಳುವುದೇ ಇಲ್ಲ. ಸ್ಟಂಪೂ ಇಲ್ಲ.

ಅಣ್ಣ ಎರಡು ನಿಮಿಷ ಆಡಿ ಹೇಳಿದ, 'ಇದು ಕ್ರಿಕೆಟ್ ಅಲ್ಲ ಮಾರಾಯ, ಎಂತದೋ ಚಿನ್ನಿದಾಂಡು.'

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮಾಮನಿಗೆ ಕ್ರಿಕೆಟ್ಟಿಗೂ ಬೇಸ್‌ಬಾಲಿಗೂ ವ್ಯತ್ಯಾಸ ಗೊತ್ತಿಲ್ಲ ಅಂತ ನೆರೆಮನೆಯ ಮಕ್ಕಳಿಗೂ ಹೇಳಿ ನಗಿಸಿದೆವು. ಮಾಮ ಬೈಯಲಿಲ್ಲ. 'ಬ್ಯಾಟ್ ಉಂಟಲ್ಲ, ಬಾಲ್ ಉಂಟಲ್ಲ, ಇನ್ನೆಂತ ಬೇಕು ನಿಮಗೆ?' ಅಂದು ಸ್ನಾನಕ್ಕೆ ಹೋದರು.

ಗೋಡೆ ಗಡಿಯಾರ ನಿಂತ ಕತೆ

ನಕ್ಕರೂ ಆಡದೆ ಬಿಟ್ಟೆವಾ? ಇಲ್ಲ. ಆದರೆ ಅರ್ಥವಾಗಲಿಲ್ಲ. ಕ್ರಿಕೆಟ್‌ನಲ್ಲಿ ಚೆಂಡನ್ನು ಹಿಂದಕ್ಕೆ ತಿರುಗಿಸಿದರೆ ಫೋರ್, ಇಲ್ಲಿ ಅದು ಫೌಲ್. ಮುಂದಿನ ಕಾಲು ಭಾಗದ ಜಾಗಕ್ಕೆ ಮಾತ್ರ ಹೊಡೆಯಬೇಕು. ಬ್ಯಾಟು ಬೀಸಿ ಮೂರು ಸಲ ತಪ್ಪಿದರೆ ಔಟ್. ಒಳ್ಳೆಯ ಚೆಂಡನ್ನು ಸುಮ್ಮನೆ ಬಿಟ್ಟರೂ ಅದು ಒಂದು ಸ್ಟ್ರೈಕ್! ಕೆಟ್ಟ ಚೆಂಡು ನಾಲ್ಕು ಬಂದರೆ ಪುಕ್ಕಟೆ ಒಂದನೇ ಬೇಸ್‌ಗೆ ನಡೆದು ಹೋಗಬಹುದು. ಮೂವರು ಔಟಾದರೆ ಪಾಳಿ ಬದಲು. ಹೀಗೆ ಒಂಬತ್ತು ಇನ್ನಿಂಗ್ಸ್. ಇದನ್ನೆಲ್ಲ ನಮಗೆ ಹೇಳಿಕೊಡುವವರು ಯಾರೂ ಇಲ್ಲ ಅಂತ ನಾವು ಅಂದುಕೊಂಡಿದ್ದೆವು.

ಮತ್ತೊಂದು ಸಮಸ್ಯೆ ಸೆಲ್. ಅದಕ್ಕೆ ನಾಲ್ಕು ಪೆನ್ ಸೆಲ್ ಬೇಕು. ಅಂಗಡಿಯಲ್ಲಿ ಕೊಳ್ಳಲು ದುಡ್ಡಿಲ್ಲ. ಅಣ್ಣ ಗೋಡೆ ಗಡಿಯಾರದಿಂದ ಒಂದು, ಅಜ್ಜಿಯ ರೇಡಿಯೊದಿಂದ ಮೂರು ತೆಗೆದ. ಅವತ್ತು ಗಡಿಯಾರ ನಾಲ್ಕು ಹತ್ತಕ್ಕೆ ನಿಂತು, ದೊಡ್ಡಮ್ಮ ಅದನ್ನೇ ನಂಬಿ ಕೂತು ಉಪ್ಪಿನಂಗಡಿ ಬಸ್ಸು ತಪ್ಪಿಸಿಕೊಂಡರು. ರಾತ್ರಿ ಅಜ್ಜಿಗೆ ರೇಡಿಯೊದಲ್ಲಿ ವಾರ್ತೆಯೂ ಇಲ್ಲ. ಇಬ್ಬರಿಗೂ ಬೆತ್ತದ ರುಚಿ ಸಿಕ್ಕಿತು. ಗೇಮ್ ಬಾಯ್ ಬಿಸ್ಕೆಟ್ ಡಬ್ಬಿಗೆ, ಡಬ್ಬಿ ಅಟ್ಟಕ್ಕೆ. ಮಾಮ ಜೂನ್‌ನಲ್ಲಿ ಸೌದಿಗೆ ವಾಪಸ್.

ಅಷ್ಟಕ್ಕೂ ಏನಿದು ಯಂತ್ರ?

ಗೇಮ್ ಬಾಯ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1989ರ ಏಪ್ರಿಲ್ 21ರಂದು. ಬೆಲೆ 12,500 ಯೆನ್. ಮೊದಲ ದಿನ ಅದರ ಜೊತೆ ಬಂದದ್ದು ನಾಲ್ಕೇ ಆಟಗಳು. ಅದರಲ್ಲಿ ಒಂದು ನಮ್ಮ ಡಬ್ಬಿಯಲ್ಲಿದ್ದ ಬೇಸ್‌ಬಾಲ್. ಆಶ್ಚರ್ಯ ಬೇಡ, ನಮಗೆ ಕ್ರಿಕೆಟ್ ಹೇಗೋ ಜಪಾನಿಗೆ ಬೇಸ್‌ಬಾಲ್ ಹಾಗೆ. ಅಲ್ಲಿ ಹೈಸ್ಕೂಲ್ ಮಕ್ಕಳ ಟೂರ್ನಿಯನ್ನೂ ದೇಶವೇ ಟಿವಿ ಮುಂದೆ ಕೂತು ನೋಡುತ್ತದೆ.

ನಿಂಟೆಂಡೊ 1983ರಲ್ಲೇ ಟಿವಿಗೆ ಜೋಡಿಸುವ ಯಂತ್ರಕ್ಕಾಗಿ ಬೇಸ್‌ಬಾಲ್ ಆಟ ಮಾಡಿತ್ತು. ಅದರಲ್ಲಿದ್ದವರು ಹೆಸರಿಲ್ಲದ ಆಟಗಾರರು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತರುವಾಗ ಮಾತ್ರ ಕಂಪನಿಯ ಕಾರ್ಟೂನ್ ಮುಖಗಳಾದ ಮಾರಿಯೊ, ಲುಯಿಜಿ ಅಣ್ಣತಮ್ಮಂದಿರನ್ನು ಮೈದಾನಕ್ಕೆ ಇಳಿಸಿದರು. ನಿಯಮ ಗೊತ್ತಿಲ್ಲದ ಮಗುವಿಗೂ ಮೀಸೆಯ ಮಾರಿಯೊ ಪರಿಚಿತ, ಅಲ್ವಾ? ಈ ಉಪಾಯ ಇವತ್ತಿಗೂ ನಡೆಯುತ್ತಿದೆ. 2011ರ ನಿಕ್‌ಟೂನ್ಸ್ ಎಂಎಲ್‌ಬಿಯಲ್ಲಿ ಸ್ಪಾಂಜ್‌ಬಾಬ್ ಬ್ಯಾಟು ಹಿಡಿದ. 2017ರ ಮಾರಿಯೊ ಸ್ಪೋರ್ಟ್ಸ್ ಸೂಪರ್‌ಸ್ಟಾರ್ಸ್‌ನಲ್ಲಿ ಮಾರಿಯೊ ಮತ್ತೆ ಬೇಸ್‌ಬಾಲ್ ಅಂಗಳಕ್ಕೆ ಬಂದ.

ಯಂತ್ರದ ಹಿಂದಿದ್ದವರು ಗುನ್‌ಪೇ ಯೊಕೊಯಿ. ಹಳೆಯದಾಗಿ, ಅಗ್ಗವಾಗಿ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚಬೇಕು ಎನ್ನುವುದು ಅವರ ನಂಬಿಕೆ. ಹಾಗಾಗಿ ಗೇಮ್ ಬಾಯ್‌ಗೆ ಬಣ್ಣವಿಲ್ಲ, ಪರದೆಯ ಹಿಂದೆ ದೀಪವಿಲ್ಲ. ಹಸಿರು-ಬೂದಿನ ನಾಲ್ಕು ಛಾಯೆ, 160 × 144 ಚುಕ್ಕೆಗಳು, ಅಷ್ಟೇ. ಮರುವರ್ಷ ಸೆಗಾ ಕಂಪನಿ ಬಣ್ಣದ ಪರದೆಯ ಗೇಮ್ ಗಿಯರ್ ತಂದಿತು. ಅದು ಆರು ಸೆಲ್ ನುಂಗಿ ಕೆಲವೇ ಗಂಟೆಯಲ್ಲಿ ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ಓಡುತ್ತಿತ್ತು. ಗೆದ್ದದ್ದು ಯಾರು? ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಗೇಮ್ ಬಾಯ್ ಕಲರ್ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಅದರಲ್ಲಿ ಒಂದು ಜುಬೈಲ್ ಸುತ್ತಿ ಪಡೀಲಿಗೆ ಬಂತು.

ಚಾವಡಿಯಲ್ಲಿ ಮೂರು ಸ್ಟ್ರೈಕ್

ಡಬ್ಬಿ ಹಿಡಿದು ಅಟ್ಟದಿಂದ ಇಳಿದಾಗ ಮಾಮ ಚಾವಡಿಯಲ್ಲಿ ಕೂತಿದ್ದರು. ಈಗ ಅವರಿಗೆ ಎಪ್ಪತ್ತು ದಾಟಿದೆ. ಊರಿಗೆ ಬಂದು ನೆಲೆಸಿ ವರ್ಷಗಳಾದವು. ಮಾತು ಕಡಿಮೆ. ನಾನು ಬಂದಾಗೆಲ್ಲ 'ಊಟ ಆಯ್ತಾ, ಬಸ್ಸು ಎಷ್ಟು ಗಂಟೆಗೆ' ಇಷ್ಟೇ. ನಾನೂ ಫೋನ್ ನೋಡುತ್ತಾ ಕೂರುತ್ತೇನೆ. ಸುಳ್ಳು ಯಾಕೆ ಹೇಳಲಿ?

ಯಂತ್ರ ನೋಡಿದ್ದೇ ಮಾಮ ಕೈ ಚಾಚಿದರು. ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದರು. ಒಳಗೆ ನಾಲ್ಕು ಸೆಲ್ ಒಡೆದು, ಸ್ಪ್ರಿಂಗ್‌ಗೆ ಬಿಳಿ-ಹಸಿರು ಕಿಲುಬು ಹತ್ತಿತ್ತು. 'ಸೆಲ್ ತೆಗೆದಿಡಬೇಕು ಅಂತ ಯಾರಿಗೂ ಗೊತ್ತಿಲ್ಲ' ಅಂದರು. ಅದು ನನಗೇ. ಆಮೇಲೆ ಅಡುಗೆ ಸೋಡಾ, ಹಳೆಯ ಟೂತ್‌ಬ್ರಷ್, ಹತ್ತಿ ತರಲು ಹೇಳಿದರು. ಮೂವತ್ತು ವರ್ಷ ಎಸಿ ಬಿಚ್ಚಿದ ಕೈ. ಒಂದು ಗಂಟೆ ಮಾತಿಲ್ಲದೆ ಕೆಲಸ. ನಾನು ಪಡೀಲ್ ಪೇಟೆಗೆ ಹೋಗಿ ಹೊಸ ಸೆಲ್ ತಂದೆ.

ಸ್ವಿಚ್ ಒತ್ತಿದರು. ಮೇಲಿನಿಂದ ನಿಂಟೆಂಡೊ ಹೆಸರು ಇಳಿದು ಬಂತು, 'ಟಿಣ್' ಅಂದಿತು. ನನ್ನ ಮೈಯಲ್ಲಿ ರೋಮ ಎದ್ದಿತು.

ನನಗೆ ಕೊಡುತ್ತಾರೆ ಅಂದುಕೊಂಡೆ. ಕೊಡಲಿಲ್ಲ. ಕನ್ನಡಕ ಸರಿಮಾಡಿ, ಬಿಸಿಲಿಗೆ ತಿರುಗಿ ಕೂತು, ತಾವೇ ಶುರು ಮಾಡಿದರು. ಮೊದಲ ಚೆಂಡು ನೇರ. ಎರಡನೆಯದು ಹೊರಗಿನಿಂದ ಒಳಕ್ಕೆ ತಿರುಗಿತು. ಮೂರನೆಯದು ನಿಧಾನ, ಬ್ಯಾಟ್ಸ್‌ಮನ್ ಮೊದಲೇ ಬೀಸಿ ಮುಗಿಸಿದ್ದ. ಮೂರು ಚೆಂಡು, ಮೂರು ಸ್ಟ್ರೈಕ್, ಔಟ್.

ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. 'ಮಾಮ, ನಿಮಗೆ ಇದು ಬರ್ತದಾ?'

'ಎರಡು ವರ್ಷ ಆಡಿದ್ದೇನೆ. ಬಾರದೆ ಎಂತ?'

ಆಮೇಲೆ ಗೊತ್ತಾಯಿತು. ಕಾಗದ ತಲುಪಿದ ಮೇಲೆ ಮಾಮ ಜುಬೈಲ್, ಖೋಬಾರ್‌ನ ಅಂಗಡಿಗಳನ್ನೆಲ್ಲ ಸುತ್ತಿದ್ದರು. ಕ್ರಿಕೆಟ್ ಆಟ ಎಲ್ಲೂ ಸಿಗಲಿಲ್ಲ. ಕ್ಯಾಂಪಿನ ರೂಮಿನಲ್ಲಿ ಜೊತೆಗಿದ್ದ ಫಿಲಿಪ್ಪೀನ್ಸ್‌ನ ಗೆಳೆಯರೊಬ್ಬರ ಬಳಿ ಈ ಗೇಮ್ ಬಾಯ್ ಇತ್ತು. ಮಾಮನಿಗೆ ಬೇಸ್‌ಬಾಲ್ ಕಲಿಸಿದವರು ಅವರೇ. ಒಬ್ಬರಿಗೆ ಇನ್ನೊಬ್ಬರ ಭಾಷೆ ಬಾರದು. 'ಸ್ಟ್ರೈಕ್', 'ಔಟ್', 'ಸೇಫ್' ಈ ಮೂರು ಶಬ್ದದಲ್ಲೇ ಸ್ನೇಹ ನಡೆಯಿತು. ರಾತ್ರಿ ಊಟ ಆದ ಮೇಲೆ ಒಂದು ಇನ್ನಿಂಗ್ಸ್ ಅವರು, ಒಂದು ಇನ್ನಿಂಗ್ಸ್ ಮಾಮ. ಸೋತವರು ಮರುದಿನ ಪಾತ್ರೆ ತೊಳೆಯಬೇಕು. ಅವರು ಊರಿಗೆ ಹೋಗುವಾಗ ಮಗನಿಗೆ ಹೊಸತು ತೆಗೆದುಕೊಂಡರು, ಹಳೆಯದನ್ನು ಮಾಮನಿಗೆ ನೂರು ರಿಯಾಲ್‌ಗೆ ಕೊಟ್ಟರು.

'ಅವನ ಮಗನಿಗೂ ನಿನ್ನದೇ ಪ್ರಾಯ' ಅಂದರು ಮಾಮ.

ಅಂದರೆ ಅವರಿಗೆ ವ್ಯತ್ಯಾಸ ಗೊತ್ತಿತ್ತು. ಕ್ರಿಕೆಟ್ ಸಿಗದಿದ್ದಾಗ, ತಮ್ಮ ಬಳಿ ಇದ್ದ ಆಟವನ್ನೇ ನಮಗೆ ತಂದಿದ್ದರು. ಕಲಿಸಬೇಕು ಅಂತಲೂ ಇತ್ತು. ನಾವು ನಕ್ಕುಬಿಟ್ಟೆವು.

'ಆಗ ಯಾಕೆ ಹೇಳಲಿಲ್ಲ ಮಾಮ?'

'ನೀವು ಕೇಳಲಿಲ್ಲ ಅಲ್ವಾ?'

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಗಲ್ಫಿನಿಂದ ಬಂದವರನ್ನು ನಾವು 'ಏನು ತಂದಿರಿ?' ಅಂತ ಕೇಳಿದೆವು. 'ಅಲ್ಲಿ ರಾತ್ರಿ ಹೊತ್ತು ಏನು ಮಾಡ್ತೀರಿ?' ಅಂತ ಕೇಳಿದವರು ಎಷ್ಟು ಜನ?

ನಿಮ್ಮ ಅಟ್ಟದಲ್ಲೂ ಇದೆಯಾ?

ಹಳೆಯ ಕೈ ಆಟದ ಯಂತ್ರ ಸಿಕ್ಕಿದರೆ ಎಸೆಯುವ ಮೊದಲು ಮಾಮನ ಈ ಪಾಠ ಓದಿ:

• ಒಡೆದ ಸೆಲ್ ಬರಿಗೈಯಲ್ಲಿ ಮುಟ್ಟಬೇಡಿ. ಸಾಮಾನ್ಯ ಸೆಲ್ ಸೋರಿದ್ದರೆ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಉಜ್ಜಿ. ಅಲ್ಕಲೈನ್ ಸೆಲ್ ಆಗಿದ್ದರೆ ಹತ್ತಿಯಲ್ಲಿ ಎರಡು ಹನಿ ವಿನೆಗರ್ ಅಥವಾ ಲಿಂಬೆರಸ ಸಾಕು. ಆಮೇಲೆ ಒರೆಸಿ ಪೂರ್ತಿ ಒಣಗಿಸಿ.

• ಕಾರ್ಟ್ರಿಜ್‌ಗೆ ಬಾಯಿಂದ ಊದಬೇಡಿ. ಉಸಿರಿನ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಮೆಲ್ಲಗೆ ಒರೆಸಿ.

• ಆಟ ಉಳಿಸಿಡುವ ಸೌಲಭ್ಯವಿದ್ದ ಕಾರ್ಟ್ರಿಜ್‌ಗಳ ಒಳಗೆ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೂ ಆಟ ನಡೆಯುತ್ತದೆ, ಹಳೆಯ ದಾಖಲೆ ಮಾತ್ರ ಹೋಗುತ್ತದೆ.

• ಆಟ ಮುಗಿಸಿ ಎತ್ತಿಡುವಾಗ ಸೆಲ್ ತೆಗೆದಿಡಿ. ಇದನ್ನು ಮರೆತರೆ ಮೊದಲಿನದೆಲ್ಲ ವ್ಯರ್ಥ.

• ಇನ್ನೊಂದು ನನ್ನ ಕಡೆಯಿಂದ: ಅದನ್ನು ತಂದವರು ಮನೆಯಲ್ಲಿ ಇದ್ದರೆ ಮೊದಲು ಅವರ ಕೈಗೆ ಕೊಡಿ.

ಆ ಸಂಜೆ ಮಾಮ ನನಗೆ ಬೇಸ್‌ಬಾಲ್ ಕಲಿಸಿದರು. ಅಣ್ಣನಿಗೆ ದೋಹಾಕ್ಕೆ ವಿಡಿಯೊ ಕಾಲ್ ಮಾಡಿದೆವು. ಈಗ ಅವನೂ ಗಲ್ಫಿನಲ್ಲೇ. ಅವನೂ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ 'ಮಾಮ, ಮುಂದಿನ ತಿಂಗಳು ಬರ್ತೇನೆ, ನನಗೂ ಕಲಿಸಿ' ಅಂದ.

ಗೇಮ್ ಬಾಯ್ ಈಗ ಅಟ್ಟಕ್ಕೆ ಹೋಗಿಲ್ಲ. ಚಾವಡಿಯ ಟೀಪಾಯಿ ಮೇಲೆ, ದಿನಪತ್ರಿಕೆಯ ಪಕ್ಕ ಇರುತ್ತದೆ. ಪ್ರತಿ ಭಾನುವಾರ ನಾನು ಫೋನ್ ಮಾಡುತ್ತೇನೆ. ಊಟ ಆಯ್ತಾ ಅಂತ ಕೇಳುವ ಮೊದಲೇ ಮಾಮ ಸ್ಕೋರ್ ಹೇಳುತ್ತಾರೆ.

'ಇವತ್ತು ಏಳು-ಎರಡು.'

'ಗೆದ್ದದ್ದು ಯಾರು ಮಾಮ?'

'ಮೆಷಿನ್. ಸೆಲ್ ಹೊಸತು ಹಾಕಿದ್ದೆ ನೋಡು, ಅದಕ್ಕೆ ಶಕ್ತಿ ಬಂದಿದೆ.'