ಕಂಪ್ಯೂಟರ್ ಕೆಟ್ಟರೆ ಯಾರಿಗೆ ಹೇಳುವುದು?



ವಿದ್ಯಾರ್ಥಿವೇತನದ ವರದಿಯಲ್ಲಿ ಕಂಪ್ಯೂಟರ್ ರಿಪೇರಿಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ನೆರವು ಪಡೆಯುವ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ನಡೆದದ್ದನ್ನು ಹೇಳಿದರೆ ಕಾರಣ ತಿಳಿಯುತ್ತದೆ.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆದರೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅರ್ಜಿ ಮೊದಲು ಶಾಲೆಯ ಲಾಗಿನ್‌ಗೆ ಬರುತ್ತದೆ. ಶಾಲೆಯ ನೋಡಲ್ ಅಧಿಕಾರಿ ದಾಖಲೆ ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಅದಕ್ಕೂ ಕೊನೆಯ ದಿನಾಂಕವಿದೆ. ಆ ದಿನ ಕಳೆದರೆ ತಪ್ಪು ಮಗುವಿನದಲ್ಲದಿದ್ದರೂ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಆ ಶಾಲೆಯ ಕಚೇರಿ ಕಂಪ್ಯೂಟರಿನಲ್ಲಿ ಪೋರ್ಟಲ್ ತೆರೆಯುತ್ತಿರಲಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿತ್ತು. 'ಸರ್ವರ್ ಡೌನ್ ಇರಬೇಕು' ಎಂದರು ಗುಮಾಸ್ತರು. ಮುಖ್ಯೋಪಾಧ್ಯಾಯರು ವರಾಂಡದಲ್ಲಿ ಎದುರಾದ ಕಂಪ್ಯೂಟರ್ ಮೇಷ್ಟ್ರಿಗೆ ಹೇಳಿದರು. ಅವರು ತರಗತಿಗೆ ಹೊರಟಿದ್ದರು, 'ಆಮೇಲೆ ನೋಡ್ತೀನಿ ಸಾರ್' ಎಂದರು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿದ್ದಾರೆ ಎಂದುಕೊಂಡರು. ಕೊನೆಗೆ ತೆರೆದು ನೋಡಿದರೆ ಕಂಪ್ಯೂಟರಿನ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಸೆಲ್ ಇರುತ್ತದೆ, ಸಿಆರ್ 2032 ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದು ಮುಗಿದರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ತಪ್ಪುತ್ತದೆ. ದಿನಾಂಕ ತಪ್ಪಿದರೆ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲ ಎಂದು ಬ್ರೌಸರ್ ತಿಳಿಯುತ್ತದೆ, ಬಾಗಿಲು ಹಾಕುತ್ತದೆ. ಕೆಲವು ಹತ್ತು ರೂಪಾಯಿಗಳ ಸೆಲ್ ಅದು. ಅಷ್ಟರಲ್ಲಿ ಕೊನೆಯ ದಿನ ಕಳೆದಿತ್ತು, ಒಬ್ಬ ವಿದ್ಯಾರ್ಥಿನಿಯ ನವೀಕರಣದ ಅರ್ಜಿ ಉಳಿದುಹೋಯಿತು. ಆ ವರ್ಷದ ಹಣವನ್ನು ನಮ್ಮ ನಿಧಿಯಿಂದ ಕೊಟ್ಟೆವು. ಪ್ರತಿ ಸಲವೂ ಹಾಗೆ ಕೊಡಲು ನಮ್ಮಿಂದಾಗದು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟಾಫ್ ರೂಮಿನಲ್ಲಿ ಕುಳಿತವರು ನಾವು. ಬಾಯಿಮಾತಿನ ದೂರು ಚಹಾ ಲೋಟದ ಜೊತೆಗೇ ಹೋಗುತ್ತದೆ ಎಂದು ನಮಗೆ ಮೊದಲೇ ಹೊಳೆಯಬೇಕಿತ್ತು.

ಮೊದಲು ವಾಟ್ಸ್ಯಾಪ್ ಗುಂಪು ಮಾಡಿದೆವು. ಅದು ಕೆಲಸಕ್ಕೆ ಬರಲಿಲ್ಲ. ಪ್ರೊಜೆಕ್ಟರ್ ಉರಿಯುತ್ತಿಲ್ಲ ಎಂಬ ಸಂದೇಶ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಯಿತು. ಯಾವುದು ಸರಿಯಾಯಿತು, ಯಾವುದು ಬಾಕಿ ಎಂಬ ಲೆಕ್ಕವೂ ಸಿಗಲಿಲ್ಲ. ಆಮೇಲೆ ಗೂಗಲ್ ಫಾರ್ಮ್ ಒಂದನ್ನು ಮಾಡಿ, ಅದರ ಕ್ಯೂಆರ್ ಚಿತ್ರವನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆವು. ಫೋನಿನಲ್ಲಿ ತುಂಬಲು ಬೇಸರಪಡುವ ಹಿರಿಯರಿಗಾಗಿ ಅದೇ ಕಲಂಗಳ ರಟ್ಟಿನ ರಿಜಿಸ್ಟರ್ ಕಚೇರಿಯ ಮೇಜಿನ ಮೇಲಿದೆ. ಸಂಜೆ ಗುಮಾಸ್ತರು ಅದನ್ನು ಹಾಳೆಗೆ ಏರಿಸುತ್ತಾರೆ. ಕೇಳುವುದು ಇಷ್ಟೇ: ಹೆಸರು, ಯಾವ ಕೋಣೆ, ಯಾವ ಯಂತ್ರ, ಏನು ಮಾಡುವಾಗ ನಿಂತಿತು, ಪರದೆಯ ಮೇಲೆ ಏನು ಬರೆದಿದೆ, ಯಾವ ದಿನದೊಳಗೆ ಬೇಕು. 'ಕಂಪ್ಯೂಟರ್ ಹಾಳಾಗಿದೆ' ಎಂದು ಬರೆದರೆ ಸಾಲದು. ಪರದೆಯ ಮೇಲಿನ ಮಾತನ್ನು ಇದ್ದಂತೆ ಬರೆದರೆ ಅರ್ಧ ರಿಪೇರಿ ಆದಂತೆ. ಪಾಸ್‌ವರ್ಡ್, ಒಟಿಪಿ, ಮಗುವಿನ ಆಧಾರ್ ಸಂಖ್ಯೆ ಮಾತ್ರ ಎಂದಿಗೂ ಬರೆಯಕೂಡದು. ಪರದೆಯ ಫೋಟೋ ಕಳುಹಿಸುವಾಗಲೂ ಇದು ನೆನಪಿರಲಿ.

ಪ್ರತಿ ದೂರಿಗೂ ಒಂದು ಕ್ರಮಸಂಖ್ಯೆ. ನೋಡಿಕೊಳ್ಳುವವರು ಒಬ್ಬರೇ, ಕಂಪ್ಯೂಟರ್ ಮೇಷ್ಟ್ರು. ಇದಕ್ಕಾಗಿ ದಿನಕ್ಕೊಂದು ಪೀರಿಯಡ್ ಬಿಟ್ಟುಕೊಡಬೇಕೆಂದು ಮುಖ್ಯೋಪಾಧ್ಯಾಯರನ್ನು ಒಪ್ಪಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗವಾಗಿತ್ತು. ಅವರ ಕೈ ಮೀರಿದ್ದನ್ನು ಶನಿವಾರ ಬರುವ ನಮ್ಮ ಸ್ವಯಂಸೇವಕರು ನೋಡುತ್ತಾರೆ. ಮೊದಲು ಬರೆದವರಿಗೆ ಮೊದಲು ಎಂಬ ನಿಯಮವಿಲ್ಲ. ಕೊನೆಯ ದಿನಾಂಕವಿರುವ ಕೆಲಸ, ಅಂದರೆ ವಿದ್ಯಾರ್ಥಿವೇತನ, ಸ್ಯಾಟ್ಸ್, ಪರೀಕ್ಷಾ ನೋಂದಣಿ, ಮುಂದೆ ಬರುತ್ತದೆ. ದೂರು ಮುಗಿಯಿತು ಎಂದು ಸಹಿ ಹಾಕುವವರು ರಿಪೇರಿ ಮಾಡಿದವರಲ್ಲ, ದೂರು ಬರೆದವರು.

ತಿಂಗಳ ಕೊನೆಗೆ ಪುಟ ತಿರುವಿದಾಗ ಒಂದು ವಿಷಯ ಕಂಡಿತು. ಹಲವು ದೂರುಗಳಲ್ಲಿ ಯಂತ್ರ ಕೆಟ್ಟೇ ಇರಲಿಲ್ಲ. ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಹೆಸರನ್ನು ಪೋರ್ಟಲ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ, ಏಕೆಂದರೆ ಆ ಫಾಂಟ್ ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿರುತ್ತದೆ. ಯೂನಿಕೋಡ್‌ಗೆ ಬದಲಿಸಿ ಟೈಪ್ ಮಾಡಿದರೆ ತೊಂದರೆಯಿಲ್ಲ. ಉರ್ದು ಮೇಷ್ಟ್ರ ಹಳೆಯ ಇನ್‌ಪೇಜ್ ಕಡತಗಳದ್ದೂ ಇದೇ ಗೋಳು. ಇದಕ್ಕೆ ಒಂದು ಮಧ್ಯಾಹ್ನದ ತರಬೇತಿ ಸಾಕಾಯಿತು. ಇನ್ನು ಒಂದೇ ಕೋಣೆಯಿಂದ ಮತ್ತೆ ಮತ್ತೆ ಬಂದ ದೂರಿಗೆ ಕಾರಣ ಯುಪಿಎಸ್ಸಿನ ಬ್ಯಾಟರಿ. ಹೊಸ ಕಂಪ್ಯೂಟರ್ ಕೊಡಿಸಲು ಮುಂದೆ ಬಂದಿದ್ದ ದಾನಿಯೊಬ್ಬರಿಗೆ ಆ ಪುಟವನ್ನೇ ತೋರಿಸಿದೆವು. ಅವರು ಬ್ಯಾಟರಿ ಕೊಡಿಸಿದರು, ಉಳಿದ ಹಣವನ್ನು ಪುಸ್ತಕಗಳಿಗೆ ಕೊಟ್ಟರು. ಇಂಥ ಖರ್ಚಿಗೆ ನಾವು ಝಕಾತ್ ಹಣವನ್ನು ಮುಟ್ಟುವುದಿಲ್ಲ. ಅದರ ಲೆಕ್ಕ ಬೇರೆಯೇ ಇದೆ.

ಪೋಷಕರಲ್ಲಿ ಒಂದು ಮಾತು. ಅರ್ಜಿ ಹಾಕಿದ ವಾರದೊಳಗೆ ಮಗುವಿನ ಅರ್ಜಿ ಸಂಖ್ಯೆಯೊಂದಿಗೆ ಶಾಲೆಗೆ ಹೋಗಿ, ಪರಿಶೀಲನೆ ಆಯಿತೇ ಎಂದು ಕೇಳಿರಿ. 'ಸರ್ವರ್ ಇಲ್ಲಮ್ಮಾ, ನಾಳೆ ಬನ್ನಿ' ಎಂಬ ಉತ್ತರ ಬಂದರೆ ದೂರು ಪುಸ್ತಕದಲ್ಲಿ ಅದು ದಾಖಲಾಗಿದೆಯೇ ಎಂದು ವಿಚಾರಿಸಿ, ಕ್ರಮಸಂಖ್ಯೆ ಬರೆದುಕೊಳ್ಳಿರಿ. ಆ ಸಂಖ್ಯೆಯನ್ನು ನಮ್ಮ ಕಚೇರಿಗೆ ತಿಳಿಸಿದರೆ ಶನಿವಾರದವರೆಗೆ ಕಾಯದೆ ಯಾರನ್ನಾದರೂ ಕಳುಹಿಸುತ್ತೇವೆ.