ಉಪ್ಪಿನ ಮನೆತನ

ಪುಣೆಯ ಹೋಟೆಲುಗಳಲ್ಲಿ ಹಗಲಿರುಳು ದುಡಿಯುವ ನಮ್ಮ ಬಾಂಧವರಿಗೆ ರಸಾಯನಶಾಸ್ತ್ರವೆಂದರೆ 1950ರಲ್ಲಿ ಇಲ್ಲಿ ಆರಂಭವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಪಂಡಿತರ ವಿದ್ಯೆಯೆಂದು ತೋರಬಹುದು. ಆದರೆ ಆ ಶಾಸ್ತ್ರದ ಒಂದು ಮನೆತನವು ನಮ್ಮ ಅಡುಗೆಮನೆಯಲ್ಲಿಯೇ ನೆಲೆಸಿದೆ.

ಗುಣಸಾಮ್ಯವನ್ನು ನೋಡಿ ವರ್ಗೀಕರಿಸಿದ ಮೂಲವಸ್ತುಗಳ ಪಟ್ಟಿಯಲ್ಲಿ 17ನೆಯ ಗುಂಪಿಗೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೊದಲಾದವು ಸೇರಿವೆ. ಲೋಹಗಳೊಡನೆ ಕೂಡಿ ಲವಣಗಳಾಗುವುದರಿಂದ ಇವಕ್ಕೆ ಲವಣಜನಕಗಳೆಂದು ಹೆಸರು. ನೀರು ಸೋಕಿದರೆ ಸಿಡಿದು ಉರಿಯುವ ಸೋಡಿಯಂ, ಉಸಿರುಗಟ್ಟಿಸುವ ಕ್ಲೋರಿನ್, ಇವೆರಡೂ ಕೂಡಿದರೆ ಸಾರಿಗೆ ರುಚಿ ಕೊಡುವ ಉಪ್ಪಾಗುತ್ತದೆ! ಆ ಉಪ್ಪಿಗೆ ಬೆರೆಸಿದ ಅತ್ಯಲ್ಪ ಅಯೋಡಿನ್ ಗಳಗಂಡ ರೋಗವನ್ನು ತಡೆಯುತ್ತದೆ. ಟೂತ್‌ಪೇಸ್ಟಿನ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ನಳದ ನೀರಿನ ರೋಗಾಣುಗಳನ್ನು ಕ್ಲೋರಿನ್ ಕೊಲ್ಲುತ್ತದೆ.

1915ರಲ್ಲಿ ಬೆಲ್ಜಿಯಂ ದೇಶದ ರಣರಂಗದಲ್ಲಿ ಸೈನಿಕರನ್ನು ಕೊಂದುದೂ ಇದೇ ಕ್ಲೋರಿನ್ ಅನಿಲವೇ. ಅದು ನಮ್ಮ ಹೋಟೆಲಿನ ಪಾಯಿಖಾನೆಯಲ್ಲಿಯೂ ಹುಟ್ಟಬಲ್ಲುದು. ಹೆಚ್ಚು ಶುಭ್ರವಾಗಲೆಂದು ಬ್ಲೀಚಿಂಗ್ ಪೌಡರಿನೊಡನೆ ಆಸಿಡನ್ನು ಸುರಿದರೆ ಸಾಕು. ಗಾಳಿಯಿಲ್ಲದ ಇಕ್ಕಟ್ಟಿನ ಕೋಣೆಯಲ್ಲಿ ತೊಳೆಯುವ ಹುಡುಗನ ಪ್ರಾಣಕ್ಕೇ ಅದರಿಂದ ಸಂಚಕಾರ ಒದಗಬಹುದು. ಘಾಟು ಬಂದೊಡನೆ ಹೊರಗೆ ಓಡಬೇಕು. ಕೆಮ್ಮು, ಏದುಸಿರು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಗುಮಾಸ್ತ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಆಸಿಡಿನ ಬಾಟಲಿಗೂ ಪೌಡರಿನ ಡಬ್ಬಿಗೂ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದು ಅಂಟಿಸಿರಿ, ಎರಡನ್ನೂ ಬೇರೆ ಬೇರೆ ಕಡೆ ಇಡಿಸಿರಿ. ಓದು ಬಾರದ ಹುಡುಗರಿಗೆ ಇದನ್ನು ಬಾಯಿಮಾತಿನಲ್ಲಿ ತಿಳಿಸಿ ಹೇಳಿರಿ.